ಅಂಗಪ್ಪನ್ ಬೆನ್ನಿನ ಕೆಂಪು ಚುಕ್ಕಿಗಳು

ನಮ್ಮ ಬೀದಿಯಲ್ಲಿ ಅಂಗಪ್ಪನ್‌ಗೆ ಸ್ಟ್ರೆಸ್ ಬರುವವರೆಗೆ ಆ ಕಾಯಿಲೆಯ ಹೆಸರನ್ನೇ ಯಾರೂ ಕೇಳಿರಲಿಲ್ಲ. ಸಕ್ಕರೆ ಗೊತ್ತಿತ್ತು, ಬಿ.ಪಿ. ಗೊತ್ತಿತ್ತು, ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಕೂತು ಬಂದ ಮಂಡಿನೋವು ಪ್ರತಿ ಮನೆಯಲ್ಲೂ ಇತ್ತು. ಪೆರಿಯನಾಯಕನಪಾಳ್ಯಂನ ನೇಕಾರರ ಬೀದಿಯವರು ನಾವು. ಅಜ್ಜನಿಗೆ ಬಂದ ಕಾಯಿಲೆ ಮೊಮ್ಮಗನಿಗೆ ಬಂದರೆ ಸಾಕು, ಹೊಸದು ಬೇಕೆಂದು ಯಾರೂ ಆಸೆಪಟ್ಟವರಲ್ಲ. ಅಂಗಪ್ಪನ್ ಆಸೆಪಟ್ಟ.

ಇವನದು ನನ್ನ ಪಕ್ಕದ ಮನೆ. ನಾನು ಇನ್ನೂ ಮನೆಯಲ್ಲೇ ಮಗ್ಗ ಹಾಕಿಕೊಂಡಿದ್ದೇನೆ. ಅವನು ಯಾವತ್ತೋ ಬಿಟ್ಟು, ಮೇಟ್ಟುಪಾಳ್ಯಂ ರಸ್ತೆಯ ಒಂದು ನೂಲಿನ ಮಿಲ್ಲಿನಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿದ್ದಾನೆ. ಒಮ್ಮೆ ಮಿಲ್ಲಿನವರು ಕೊಯಮತ್ತೂರಿನಿಂದ ಒಬ್ಬ ಮೇಡಮ್ಮನ್ನು ಕರೆಸಿ ಭಾಷಣ ಮಾಡಿಸಿದರು. ಜವಾಬ್ದಾರಿ ಹೊತ್ತವರಿಗೆಲ್ಲ ಸ್ಟ್ರೆಸ್ ಇರುತ್ತದೆ, ಮ್ಯಾನೇಜರುಗಳಿಗಂತೂ ಇದ್ದೇ ಇರುತ್ತದೆ ಎಂದರು ಆಕೆ. ಅಂಗಪ್ಪನ್ ಎದ್ದು ನಿಂತು, ಸೂಪರ್‌ವೈಸರಿಗೂ ಇರಬಹುದಾ ಎಂದು ಕೇಳಿದ. ಖಂಡಿತ ಎಂದರು. ಅಂದು ಸಂಜೆ ಅವನು ಬೀದಿಗೆ ಕಾಲಿಟ್ಟ ಗತ್ತು ನೋಡಬೇಕಿತ್ತು, ಪ್ರಮೋಷನ್ ಸಿಕ್ಕವರೂ ಹಾಗೆ ನಡೆಯುವುದಿಲ್ಲ. ಹಣೆಗೆ ಕೈ ಹಚ್ಚಿಕೊಂಡು ಜಗಲಿಯ ಮೇಲೆ ಕೂತ. ತಲೆನೋವಾ ಎಂದು ಹೆಂಡತಿ ಶಿವಗಾಮಿ ಕೇಳಿದರೆ, ತಲೆನೋವು ಲೇಬರ್‌ಗಳಿಗೆ ಬರುವಂಥದ್ದು ಎಂದುಬಿಟ್ಟ.

ಮಗಳು ಜನನಿ ತಿರುಪ್ಪೂರಿನ ಬನಿಯನ್ ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗಿ. ಅಪ್ಪನ ಕೊರಗು ಕೇಳಲಾರದೆ ಆನ್‌ಲೈನಿನಲ್ಲಿ ಒಂದು ಅಕ್ಯುಪ್ರೆಶರ್ ಚಾಪೆ, ಅದಕ್ಕೆ ಜೊತೆಯಾಗಿ ಒಂದು ದಿಂಬು ತರಿಸಿಕೊಟ್ಟಳು. ಹಸಿರು ಬಟ್ಟೆಯ ಮೇಲೆ ಸಾಲುಸಾಲಾಗಿ ಬಿಳಿ ಪ್ಲಾಸ್ಟಿಕ್ ಬಿಲ್ಲೆಗಳು, ಬಿಲ್ಲೆಯ ತುಂಬ ಮುಳ್ಳು. ಬರಿಮೈಯಲ್ಲಿ ಇದರ ಮೇಲೆ ಮಲಗಬೇಕು, ರಕ್ತ ಓಡಾಡುತ್ತದೆ, ಮನಸ್ಸು ಹಗುರಾಗುತ್ತದೆ ಎಂದು ಜನನಿ ವಿವರಿಸಿದಳು. ಅಂಗಪ್ಪನ್ ಅಂಗಿ ಕಳಚಿ ಧೈರ್ಯವಾಗಿ ಮಲಗಿದ. ಆಗ ಅವನು ಹಾಕಿದ ಕೂಗಿಗೆ ನಾನು ಹಾವು ಬಂತೆಂದು ದೊಣ್ಣೆ ಹಿಡಿದು ಓಡಿದೆ. ನಾನು ಹೋಗುವಷ್ಟರಲ್ಲಿ ಹಾವೂ ಇಲ್ಲ, ಕೂಗೂ ಇಲ್ಲ. ಮನುಷ್ಯ ಗೊರಕೆ ಹೊಡೆಯುತ್ತಿದ್ದ. ಅಂದಿನಿಂದ ಶಿಫ್ಟ್ ಮುಗಿಸಿ ಬಂದವನೇ ಚಾಪೆಗೆ ಬೀಳುವುದು, ಕಣ್ಣು ಮುಚ್ಚುವುದು, ಎದ್ದ ಮೇಲೆ ಬೆನ್ನ ತುಂಬ ಕೆಂಪು ಚುಕ್ಕಿ ಹೊತ್ತು ಓಡಾಡುವುದು. ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ.

ಅಮಾವಾಸ್ಯೆ ಬಂತು. ನಮ್ಮ ಸೌಡೇಶ್ವರಿ ಅಮ್ಮನ ಗುಡಿಯಲ್ಲಿ ಅಮಾವಾಸ್ಯೆ ಪೂಜೆಗೆ ಗಂಡಸರೆಲ್ಲ ಅಂಗಿ ಬಿಚ್ಚಿ ಕೂರುತ್ತೇವೆ. ಅಂಗಪ್ಪನ್ ಮುಂದಿನ ಸಾಲಿನಲ್ಲಿ ಕೂತ. ಅವನ ಹಿಂದೆಯೇ ಗುಡಿಯ ಹಿರಿಯರು ರಾಮಲಿಂಗಂ ಕೂತಿದ್ದರು. ಮಂಗಳಾರತಿಯ ಬೆಳಕಿನಲ್ಲಿ ಅವರಿಗೆ ಆ ಬೆನ್ನು ಕಾಣಿಸಿತು. ಭುಜದಿಂದ ಸೊಂಟದ ತನಕ ಒತ್ತೊತ್ತಾಗಿ ಮುಳ್ಳು ಚುಚ್ಚಿದ ಗುರುತು. ಅವರ ಅಜ್ಜನ ಕಾಲದಲ್ಲಿ ಮುಳ್ಳಿನ ಮೇಲೆ ಮಲಗಿ ಅಮ್ಮನಿಗೆ ಹರಕೆ ತೀರಿಸುತ್ತಿದ್ದರಂತೆ. ಅದು ನಿಂತೇಹೋಯಿತು ಎಂದು ಪ್ರತಿ ವರ್ಷ ಅವರು ಮರುಗುವುದನ್ನು ನಾವೆಲ್ಲ ಕೇಳಿ ಕೇಳಿ ಸಾಕಾಗಿದ್ದೆವು. ಈಗ ಕಣ್ಣೆದುರಿಗೇ ಆ ಬೆನ್ನು ಬಂದು ಕೂತಿದೆ.

"ಅಂಗಪ್ಪಾ, ಯಾರಿಗೋಸ್ಕರ ಈ ನೇರ್ತಿಕಡನ್?" ಎಂದು ಕೇಳಿದರು. ಹರಕೆಗೆ ನಾವು ಹಾಗೆ ಅನ್ನುತ್ತೇವೆ.

"ನನಗೇ ದೊಡ್ಡಪ್ಪ, ಸ್ಟ್ರೆಸ್ಸು..." ಎನ್ನುವಷ್ಟರಲ್ಲಿ ಮುದುಕರು ಅವನ ಬಾಯಿಗೆ ಅಂಗೈ ಒತ್ತಿದರು.

"ಬೇಡ, ಹೇಳಬೇಡ. ಕೇಳಿದ್ದು ನನ್ನ ತಪ್ಪು."

ಅವರಿಗೆ ತಪ್ಪೆನಿಸಿದ್ದು ಸಹಜವೇ. ನಮ್ಮಲ್ಲಿ ಹರಕೆ ಹೊತ್ತವನು ಅದು ತೀರುವ ತನಕ ಬಾಯಿ ಬಿಡಬಾರದು. ಯಾರು ಎಷ್ಟೇ ಕೆದಕಿದರೂ ಹರಕೆಯೇ ಇಲ್ಲ ಎನ್ನಬೇಕು. ಇದು ಈ ಬೀದಿಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಕಟ್ಟಳೆ. ಹಾಗಾಗಿ ಅಂಗಪ್ಪನ್ ಇಲ್ಲ ಎಂದಷ್ಟೂ ಇದೆ ಎಂದು ಖಾತ್ರಿಯಾಗುತ್ತ ಹೋಯಿತು. ಮಾರನೆಯ ದಿನ ಅವನು ಟೀ ಅಂಗಡಿಯಲ್ಲಿ, ಅದೊಂದು ಪ್ಲಾಸ್ಟಿಕ್ ಚಾಪೆ ಅಪ್ಪಾ ಎಂದು ನಿಜವನ್ನೇ ಹೇಳಿದ. ಎಲ್ಲರೂ ಕಣ್ಣು ಕೆಳಗೆ ಮಾಡಿ, ಆಮಾ ಆಮಾ, ಹೌದು, ಚಾಪೆಯೇ ಎಂದರು. ಅಂಗಡಿಯವನು ಬೆಂಚಿನ ಮೇಲೆ ಟವೆಲ್ ಹಾಸಿ ಅವನನ್ನು ಕೂರಿಸಿದ.

ಚಾಪೆಯನ್ನೇ ಬೀದಿಗೆ ತಂದು ತೋರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ನಾಳೆ ತೋರಿಸುತ್ತೇನೆ ಎಂದ. ಆ ನಾಳೆ ಬರಲಿಲ್ಲ, ಏಕೆಂದರೆ ಅಷ್ಟರಲ್ಲಿ ಮರ್ಯಾದೆಯ ರುಚಿ ಹತ್ತಿತ್ತು. ಹುಟ್ಟಿದಾಗಿನಿಂದ ಬೀದಿಯ ನಗೆಪಾಟಲಾಗಿದ್ದವನು ಎದುರಿಗೆ ಬಂದರೆ ಈಗ ಜನ ಸೈಕಲ್ ಇಳಿದು ನಿಲ್ಲುತ್ತಿದ್ದರು. ಹೆಂಗಸರು ಮಕ್ಕಳನ್ನು ತಂದು ಆಶೀರ್ವಾದ ಮಾಡಿಸಿಕೊಂಡು ಹೋದರು. ಇದಕ್ಕೆ ಅವನು ತೆತ್ತದ್ದೂ ಕಡಿಮೆಯಲ್ಲ ಅನ್ನಿ. ಹರಕೆಯವನು ಮಾಂಸ ಮುಟ್ಟುವಂತಿಲ್ಲ. ಭಾನುವಾರದ ಮಟನ್ ನಿಂತಿತು. ಚಪ್ಪಲಿ ಹಾಕುವಂತಿಲ್ಲ, ಬಿಸಿಲಲ್ಲಿ ಮಿಲ್ಲಿನ ತನಕ ಕುಣಿದುಕೊಂಡು ಹೋದ. ಬರುವ ಹಬ್ಬಕ್ಕೆ ಎದೆಗೆ ಕತ್ತಿ ಹೊಡೆದುಕೊಂಡು ಅಮ್ಮನನ್ನು ಕರೆತರುವ ವೀರಕುಮಾರರ ಸಾಲಿನಲ್ಲಿ ಅವನೇ ಮೊದಲು ನಿಲ್ಲಬೇಕೆಂದು ಗುಡಿಯವರು ತೀರ್ಮಾನಿಸಿದರು. ಡಾಕ್ಟರು ಸೂಜಿ ಎತ್ತಿದರೆ ಹೆಂಡತಿಯ ಸೆರಗು ಹಿಡಿಯುವ ಮನುಷ್ಯ ಇವನು. ಅಂದು ಸಂಜೆ ನಿಜವಾಗಿಯೂ ಸ್ಟ್ರೆಸ್ ಬಂತು ಎಂದು ಶಿವಗಾಮಿ ನನಗೆ ಹೇಳಿದಳು. ಹೋಗಿ ಚಾಪೆಯ ಮೇಲೆ ಮಲಗಿದನಂತೆ.

ಹರಕೆ ಯಾರಿಗಾಗಿ ಎಂಬುದನ್ನು ಬೀದಿಗೆ ಬಿಡಿಸಿಕೊಟ್ಟವಳು ಹೂ ಕಟ್ಟುವ ಮುತ್ತಮ್ಮಾಳ್. ಅಂಗಪ್ಪನ್‌ಗೆ ಒಬ್ಬಳೇ ಅಕ್ಕ, ಕಾಮಾಕ್ಷಿಯಮ್ಮ. ಪೋತ್ತನೂರಿನಲ್ಲಿದ್ದಾಳೆ, ಗಂಡ ಜಯರಾಮನ್ ರೈಲ್ವೆ ವರ್ಕ್‌ಶಾಪಿನಲ್ಲಿದ್ದು ರಿಟೈರಾದವರು. ಅವರ ಮಗಳು ವಿನೋದಿನಿ ಮದುವೆಯಾಗಿ ವರ್ಷಗಳು ಕಳೆದು, ಒಂದೆರಡು ಸಲ ಆಸೆ ಚಿಗುರಿ ಬಾಡಿ, ಈಗ ಮತ್ತೆ ಬಸುರಿ. ಡಾಕ್ಟರು ಹೆಜ್ಜೆ ಎಣಿಸಿ ನಡೆ ಎಂದಿದ್ದಾರೆ. ತಾಯಿಮಾಮ, ಅಂದರೆ ಸೋದರಮಾವ, ಮುಳ್ಳಿನ ಮೇಲೆ ಮಲಗುವುದು ಇನ್ನು ಯಾರಿಗಾಗಿ ಎಂದು ಮುತ್ತಮ್ಮಾಳ್ ಹೂ ಕಟ್ಟುತ್ತಲೇ ಕೇಳಿದಳು. ಸಂಜೆಯೊಳಗೆ ಇಡೀ ಬೀದಿ ಅದನ್ನೇ ಹೇಳುತ್ತಿತ್ತು.

ಆದರೆ ಅಕ್ಕ ತಮ್ಮನ ನಡುವೆ ಮಾತಿಲ್ಲ. ಅದಕ್ಕೂ ಕಾರಣ ಇವನ ಗಲಿಬಿಲಿಯೇ. ವಿನೋದಿನಿಯ ಮದುವೆಗೆ ತಾಯಿಮಾಮನ ಸೀರು, ಅಂದರೆ ಸೀರೆ, ಹೂ, ಹಣ್ಣಿನ ತಟ್ಟೆಗಳು, ಎಲ್ಲರಿಗಿಂತ ಮೊದಲು ಬರಬೇಕು; ಆ ಸೀರೆ ಉಟ್ಟ ಮೇಲೆಯೇ ಹುಡುಗಿ ಮಣೆಗೆ ಬರುವುದು. ಅಂಗಪ್ಪನ್ ತಟ್ಟೆ ಹೊತ್ತ ನೆಂಟರನ್ನೆಲ್ಲ ಹಿಂದಿಟ್ಟುಕೊಂಡು, ಬೋರ್ಡು ಓದದೆ, ಪೋತ್ತನೂರಿನ ಬಸ್ಸೆಂದು ಪೊಳ್ಳಾಚಿಯ ಬಸ್ಸು ಹತ್ತಿಸಿದ. ನಾವೆಲ್ಲ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಹಾಯಾಗಿ ಪೊಳ್ಳಾಚಿ ನೋಡಿ ಬಂದೆವು. ವಾಪಸು ಬರುವಷ್ಟರಲ್ಲಿ ತಾಳಿ ಕಟ್ಟಿ, ಎಲೆ ಎತ್ತುತ್ತಿದ್ದರು. ಮಾಮನೇ ಇಲ್ಲದವಳ ಹಾಗೆ ನನ್ನ ಮಗಳ ಮದುವೆ ಆಯಿತು ಎಂದು ಕಾಮಾಕ್ಷಿಯಮ್ಮ ಬಾಗಿಲು ಹಾಕಿಕೊಂಡಳು. ಆಮೇಲೆ ಆ ಬಾಗಿಲು ತೆಗೆದಿರಲಿಲ್ಲ. ಅವನು ಹೋಗಿ ತಟ್ಟಿಯೂ ಇರಲಿಲ್ಲ, ಅದನ್ನೂ ಹೇಳಬೇಕು.

ಮುತ್ತಮ್ಮಾಳ್ ಆಡಿದ ಮಾತು ಬಸ್ಸು ಹತ್ತಿತು. ಈ ಸಲ ಸರಿಯಾದ ಬಸ್ಸು. ಒಂದು ಶುಕ್ರವಾರ ಮಧ್ಯಾಹ್ನ ಕಾಮಾಕ್ಷಿಯಮ್ಮ ಅಂಗಪ್ಪನ್ ಮನೆಯ ಹೊಸ್ತಿಲಲ್ಲಿ ನಿಂತಿದ್ದಳು, ಕೈಯಲ್ಲಿ ಕುಂಕುಮದ ಬಟ್ಟಲು. ಒಳಗೆ ಅವನು ಆಗಷ್ಟೇ ಚಾಪೆಯಿಂದ ಎದ್ದು ಅಂಗಿ ಹುಡುಕುತ್ತಿದ್ದ. ಅಕ್ಕ ಅವನನ್ನು ತಿರುಗಿಸಿ ಬೆನ್ನು ನೋಡಿದಳು. ಚುಕ್ಕಿಗಳ ಮೇಲೆ ಬೆರಳಾಡಿಸಿದಳು, ಆಮೇಲೆ ಆ ಬೆನ್ನಿಗೆ ಹಣೆಯಿಟ್ಟು ಅತ್ತಳು.

"ನಾನು ನಿನ್ನ ಮುಖ ನೋಡಲ್ಲ ಅಂದೆ. ನೀನು ನನ್ನ ಮಗಳಿಗೋಸ್ಕರ ಮುಳ್ಳ ಮೇಲೆ ಮಲಗಿದೀಯ ತಂಬಿ."

"ಅಕ್ಕ, ಅದು ಹಾಗಲ್ಲ..."

"ಹೇಳಬೇಡ. ನಿನ್ನ ಬಾಯಿಂದ ಬರಬಾರದು." ಅವಳೂ ಅವನ ಬಾಯಿ ಮುಚ್ಚಿದಳು.

ಮಂಚದ ಕೆಳಗಿಂದ ಚಾಪೆಯ ಹಸಿರು ಅಂಚು ಇಣುಕುತ್ತಿತ್ತು. ಶಿವಗಾಮಿ ಕಾಲಿನಿಂದ ಮೆಲ್ಲಗೆ ಒಳಗೆ ತಳ್ಳಿದಳು. ಅಲ್ಲೇ ನಿಜ ಹೇಳಿಬಿಡಬೇಕಿತ್ತು. ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಅಂಗಪ್ಪನ್ ಹೇಳಲಿಲ್ಲ, ಅಕ್ಕನ ಕೈ ಹಿಡಿದುಕೊಂಡು ಹೋ ಎಂದು ಅತ್ತ. ಆ ಅಳುವಿನಲ್ಲಿ ಸುಳ್ಳಿರಲಿಲ್ಲ. ಅಕ್ಕ ಸಿಕ್ಕಿದ ಸಂತೋಷಕ್ಕೇ ಅತ್ತದ್ದು. ಅವಳು ಏಳನೇ ತಿಂಗಳ ಬಳೆ ಶಾಸ್ತ್ರಕ್ಕೆ ಕರೆದು, ಮೊದಲ ಬಳೆ ಮಾಮನೇ ತೊಡಿಸಬೇಕು ಎಂದು ಹೇಳಿ, ಅವನ ತಲೆ ಸವರಿ ಹೋದಳು. ಅವಳು ಹೋದ ಮೇಲೆ ಶಿವಗಾಮಿ ಒಂದೇ ಮಾತು ಅಂದಳು.

"ಏನುಂಗ, ಇದು ನಮಗೆ ಬೇಡದ ಮರ್ಯಾದೆ. ಫೋನಲ್ಲಾದ್ರೂ ಹೇಳಿಬಿಡಿ."

ಶಾಸ್ತ್ರ ಮುಗಿಯಲಿ ಎಂದ ಅಂಗಪ್ಪನ್. ಮಗು ಹುಟ್ಟಿದ ಮೇಲೆ ಹೇಳಿದರೆ ಎಲ್ಲರೂ ನಗುತ್ತಾರೆ, ಅಕ್ಕನೂ ನಗುತ್ತಾಳೆ ಎಂದು ಅವನ ಲೆಕ್ಕಾಚಾರ. ಅವನ ಲೆಕ್ಕಾಚಾರಗಳೆಲ್ಲ ಪೊಳ್ಳಾಚಿಗೆ ಹೋಗುವಂಥವೇ ಎಂದು ನಮಗೆ ಗೊತ್ತಿದ್ದೂ ನಾವು ಸುಮ್ಮನಿದ್ದೆವು.

ಶಾಸ್ತ್ರದ ದಿನ ಬಸ್ಸಿನ ಸಹವಾಸವೇ ಬೇಡವೆಂದು ವ್ಯಾನ್ ಮಾಡಿದೆವು. ನನ್ನ ತೊಡೆಯ ಮೇಲೆ ದಾಳಿಂಬೆಯ ತಟ್ಟೆ. ಅಂಗಪ್ಪನ್ ಮುಂದಿನ ಸೀಟಿನಲ್ಲಿ ಕುತ್ತಿಗೆಗೆ ಆ ಮುಳ್ಳಿನ ದಿಂಬು ಕೊಟ್ಟುಕೊಂಡು ನಿದ್ದೆ ಮಾಡುತ್ತ ಬಂದ. ಪೋತ್ತನೂರಿಗೆ ಎಲ್ಲರಿಗಿಂತ ಮೊದಲು ಮುಟ್ಟಿದೆವು. ಪೆಂಡಾಲ್ ಕಟ್ಟುವವರೇ ಇನ್ನೂ ಬಂದಿರಲಿಲ್ಲ. ತಾಯಿಮಾಮ ಇಷ್ಟು ಬೇಗ ಬಂದದ್ದು ಕಂಡು ಕಾಮಾಕ್ಷಿಯಮ್ಮನ ಮುಖ ಹೊಳೆಯಿತು. ಆದರೆ ಶಿವಗಾಮಿ ತಬ್ಬಿಕೊಳ್ಳಲು ಹೋದಾಗ ಅವಳು ತಟ್ಟನೆ ಹಿಂದೆ ಸರಿದಳು. ಕುರ್ಚಿಯಲ್ಲಿ ಕೂತರೂ ಒರಗದೆ ತುದಿಯಲ್ಲಿ ಕೂತಳು. ಮುಖ ಬಾಡಿತ್ತು, ಕಣ್ಣ ಕೆಳಗೆ ಕಪ್ಪಾಗಿತ್ತು.

ಬಾ ಮಾಪ್ಳೆ ಎಂದು ಜಯರಾಮನ್ ಹೆಂಡತಿಯ ತಮ್ಮನನ್ನು ಹಿತ್ತಿಲಿಗೆ ಕರೆದರು. ನನ್ನ ಕೈಯಲ್ಲಿನ ತಟ್ಟೆ ಎಲ್ಲಿಡುವುದೆಂದು ತಿಳಿಯದೆ ನಾನೂ ಹಿಂದೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಗೋಣಿಚೀಲ ಹಾಸಿತ್ತು, ಅದರ ಮೇಲೆ ಜಾಲಿಮುಳ್ಳು. ನಿಜವಾದ ಮುಳ್ಳು, ಹೆಬ್ಬೆರಳುದ್ದದ್ದು. ರೈಲು ಹಳಿಯ ಪಕ್ಕ ಬೆಳೆದದ್ದನ್ನು ನಿನ್ನ ಅಕ್ಕನೇ ಕಡಿದು ತಂದಳು ಎಂದರು ಜಯರಾಮನ್. ಪೆರಿಯನಾಯಕನಪಾಳ್ಯಂನಿಂದ ಬಂದ ದಿನದಿಂದ ದಿನವೂ ಅದರ ಮೇಲೆ ಮಲಗುತ್ತಿದ್ದಾಳೆ. ಅವಳಿಗೆ ಸಕ್ಕರೆ ಕಾಯಿಲೆ, ಬೆನ್ನಿನ ಗಾಯ ಒಣಗುತ್ತಿಲ್ಲ, ಡಾಕ್ಟರು ಬೈದು ಕಳಿಸಿದ್ದಾರೆ. ಮಗಳಿಗೆ ಗೊತ್ತಾಗಬಾರದೆಂದು ಮೇಲೆ ದಪ್ಪ ರವಿಕೆ.

"ನಾನು ಹೇಳಿದರೆ ಕೇಳಲ್ಲ ಮಾಪ್ಳೆ. ತಂಬಿ ಎದ್ದರೆ ನಾನೂ ಏಳ್ತೀನಿ ಅಂತಾಳೆ. ನೀನು ಎದ್ದುಬಿಡು, ನಿನ್ನ ಕಾಲಿಗೆ ಬೀಳ್ತೀನಿ."

ಅಂಗಪ್ಪನ್ ಆ ಮುಳ್ಳನ್ನೇ ನೋಡುತ್ತ ನಿಂತ. ಇಷ್ಟು ವರ್ಷ ಅವನ ಪಕ್ಕದ ಮನೆಯಲ್ಲಿದ್ದೇನೆ, ಅವನ ಮುಖ ಹಾಗಾದದ್ದು ನಾನು ಕಂಡಿರಲಿಲ್ಲ. ಎದ್ದೆನಪ್ಪಾ ಎಂದು ಅಂದುಬಿಟ್ಟರೆ ಸಾಕಲ್ಲ ಎಂದು ನಾನು ಕಿವಿಯಲ್ಲಿ ಹೇಳಿದೆ. ಅವನಿಗೂ ಅದೇ ಹೊಳೆದಿರಬೇಕು, ನೇರ ಒಳಗೆ ನಡೆದ, ನಾವೂ ಹಿಂದೆ ಹೋದೆವು. ಒಳಗೆ ಕೋಣೆಯಲ್ಲಿ ಅಕ್ಕ ಬಳೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದಳು. ಅಕ್ಕ, ಹರಕೆ ಮುಗಿಯಿತು, ಇನ್ನು ನೀನೂ ಮಲಗಬೇಡ ಎಂದ. ಅವಳು ತಲೆಯೆತ್ತದೆ, ಮಗು ಇನ್ನೂ ಹುಟ್ಟಿಲ್ಲ, ಹೇಗೆ ಮುಗಿಯುತ್ತೆ ಎಂದಳು.

ಆಗ ಅವನು ಹೊರಗೆ ಹೋಗಿ ವ್ಯಾನಿನಿಂದ ದಿಂಬು ತಂದು ಅವಳ ಮುಂದಿಟ್ಟ. ಚಾಪೆಯೂ ಇದೇ ಜಾತಿಯದು, ಜನನಿ ತರಿಸಿದ್ದು, ಮೇಡಂ ಹೇಳಿದ ಸ್ಟ್ರೆಸ್ಸಿಗೆ ಎಂದು ಎಲ್ಲ ಹೇಳಿದ. ಈ ಸಲ ಯಾರೂ ಅವನ ಬಾಯಿ ಮುಚ್ಚಲಿಲ್ಲ. ಕಾಮಾಕ್ಷಿಯಮ್ಮ ದಿಂಬಿನ ಮೇಲೆ ಅಂಗೈ ಊರಿ ನೋಡಿದಳು.

"ಇದರ ಮೇಲೆ ಮಲಗಿದರೆ ನೋವಾಗುತ್ತಾ?"

"ಮೊದಲು ಸ್ವಲ್ಪ ಅಕ್ಕ. ಆಮೇಲೆ ಚೆನ್ನಾಗಿ ನಿದ್ದೆ ಬರುತ್ತೆ."

"ನಿದ್ದೆ ಬರುತ್ತಾ," ಎಂದಳು ಅವಳು. ಅದು ಪ್ರಶ್ನೆಯ ಹಾಗಿರಲಿಲ್ಲ. ಆಮೇಲೆ ಕೇಳಿದಳು, "ವಿನೋದಿನಿನ ಒಂದು ಸಲನಾದ್ರೂ ನೆನೆಸಿಕೊಂಡೆಯಾ, ಮಲಗಿದಾಗ?"

ನೆನೆದೆ ಎಂದುಬಿಡೋ ಮಾರಾಯ ಎಂದು ನನ್ನ ಜೀವ ಹೊಡೆದುಕೊಂಡಿತು. ವಾರಗಟ್ಟಲೆ ಸುಳ್ಳಿನಲ್ಲಿ ಮೆರೆದವನಿಗೆ ಬೇಕಾದಾಗ ಒಂದು ಸುಳ್ಳು ಬರಲಿಲ್ಲ. ಅಂಗಪ್ಪನ್ ಇಲ್ಲ ಎಂದು ತಲೆಯಾಡಿಸಿದ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ನಾವೆಲ್ಲ ಉಸಿರು ಬಿಡುತ್ತಿದ್ದೆವು. ದಿಂಬನ್ನು ಅವನ ಕೈಗೆ ಕೊಟ್ಟು ಬಳೆ ಜೋಡಿಸುವುದನ್ನು ಮುಂದುವರಿಸಿದಳು.

"ನಾನು ಅಮ್ಮನ ಮುಂದೆ ನಿಂತು ಹೇಳಿದೀನಿ, ನನ್ನ ತಂಬಿ ಅರ್ಧ, ನಾನು ಅರ್ಧ ಅಂತ. ನಿನ್ನ ಅರ್ಧ ಇಲ್ಲ ಅಂದರೆ ಅದನ್ನೂ ನಾನೇ ಮಲಗಬೇಕು."

ಅವನು ಕಾಲು ಹಿಡಿದ. ಇಂದಿನಿಂದ ಚಾಪೆ ಮುಟ್ಟುವುದಿಲ್ಲ, ನಿಜವಾದ ಮುಳ್ಳಿನ ಮೇಲೆ ನಾನೇ ಮಲಗುತ್ತೇನೆ ಎಂದು ಗೋಗರೆದ. ಜಯರಾಮನ್ ಬಾಗಿಲಲ್ಲಿ ನಿಂತು ಕೈ ಮುಗಿದರು. ಕಾಮಾಕ್ಷಿಯಮ್ಮ ಎದ್ದು, ಹೊತ್ತಾಯಿತು, ಹುಡುಗಿಯನ್ನು ಕೂರಿಸಬೇಕು ಎಂದಷ್ಟೇ ಹೇಳಿದಳು.

ಶಾಸ್ತ್ರ ಚೆನ್ನಾಗಿಯೇ ಆಯಿತು. ವಿನೋದಿನಿ ಅರಿಶಿನ ಹಚ್ಚಿದ ಕೈ ಚಾಚಿ, ನಿಮ್ಮಿಂದಲೇ ಮಾಮ, ನಾನು ಇಷ್ಟು ದೂರ ಬಂದದ್ದು ಎಂದಳು. ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಅಂಗಪ್ಪನ್ ತೊಡಿಸಹೋದ ಮೊದಲ ಬಳೆ ಒಡೆಯಿತು, ಹೆಂಗಸರು ಬೇಗ ಇನ್ನೊಂದು ಕೊಟ್ಟು ಸರಿಮಾಡಿದರು. ಊಟದಲ್ಲಿ ಹಲವು ಬಗೆಯ ಚಿತ್ರಾನ್ನ ಇತ್ತು. ಅಕ್ಕ ಎಲ್ಲರ ಎಲೆಗೂ ಬಡಿಸಿದಂತೆ ಅವನ ಎಲೆಗೂ ಬಡಿಸಿದಳು. ಹೊರಡುವಾಗ ತಾಂಬೂಲದ ಚೀಲಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮನೆಯವರಿಗೆ ಯಾರೂ ತಾಂಬೂಲದ ಚೀಲ ಕೊಡುವುದಿಲ್ಲ. ನಮಗೆಲ್ಲ ಕೊಟ್ಟ ಹಾಗೆಯೇ ಅವನ ಕೈಗೂ ಒಂದು ಕೊಟ್ಟಳು.

ವಾಪಸು ಬಂದವನೇ ಅಂಗಪ್ಪನ್ ಚಾಪೆಯನ್ನು ಬೀದಿಗೆ ತಂದು ಹರಡಿದ. ಬನ್ನಿ, ನೋಡಿ, ನಾನು ಮಲಗಿದ್ದು ಇದರ ಮೇಲೆ, ಹರಕೆಯೂ ಇಲ್ಲ ಗಿರಕೆಯೂ ಇಲ್ಲ ಎಂದು ಕೂಗಿ ಹೇಳಿದ. ಮುತ್ತಮ್ಮಾಳ್ ಕಣ್ಣೊರೆಸಿಕೊಂಡಳು. ನೋಡಿ, ಹರಕೆಯನ್ನು ಮುಚ್ಚಿಡಲು ಏನೆಲ್ಲ ಮಾಡುತ್ತಾನೆ, ದುಡ್ಡು ಕೊಟ್ಟು ಪ್ಲಾಸ್ಟಿಕ್ ಚಾಪೆ ತರಿಸಿದ್ದಾನೆ ಎಂದು ರಾಮಲಿಂಗಂ ಎಲ್ಲರಿಗೂ ತಿಳಿಹೇಳಿದರು. ನಾನು ಅವನ ಪರ ಸಾಕ್ಷಿ ಹೇಳಹೋದೆ. ನಿನಗೂ ಕಲಿಸಿಕೊಟ್ಟಿದ್ದಾನಾ ಎಂದು ನನ್ನ ಬೆನ್ನು ತಟ್ಟಿದರು. ಅವನು ಹೇಳಿದ ನಿಜವನ್ನು ನಂಬಿದವಳು ಪೋತ್ತನೂರಿನಲ್ಲಿ ಇರುವವಳೊಬ್ಬಳೇ.

ಆ ಭಾನುವಾರ ಅವನು ಮಿಲ್ಲಿನ ಕಾಂಪೌಂಡ್ ಹಿಂದೆ ಹೋಗಿ ಜಾಲಿಮುಳ್ಳು ಕಡಿದು ತಂದ. ಕೈಯೆಲ್ಲ ಗೀರಿಕೊಂಡಿತ್ತು. ಹಜಾರದಲ್ಲಿ ಗೋಣಿ ಹಾಸಿ, ಮುಳ್ಳು ಹರಡಿ, ಅಂಗಿ ಬಿಚ್ಚಿ, ವಿನೋದಿನಿಯ ಹೆಸರು ಹೇಳಿಕೊಂಡು ಮಲಗಿದ. ಕೂಗಬಾರದೆಂದು ಟವೆಲನ್ನು ಬಾಯಿಗೆ ತುರುಕಿಕೊಂಡಿದ್ದ. ಶಿವಗಾಮಿ ಒಲೆಯ ಮೇಲೆ ಹಾಲಿಟ್ಟು ಬಂದಿದ್ದಳು. ಅದು ಉಕ್ಕುವ ಮೊದಲೇ ಅವನು ಎದ್ದಿದ್ದ. ಮತ್ತೆ ಮಲಗಿದ, ಮತ್ತೆ ಎದ್ದ. ಮೂರನೆಯ ಸಲ ಗೋಣಿಯ ಅಂಚಿನಲ್ಲಿ ಕೂತುಕೊಂಡು, ನನ್ನಿಂದ ಆಗಲ್ಲ ಎಂದು ಸಣ್ಣ ದನಿಯಲ್ಲಿ ಹೇಳಿದ. ನಾನು ಮುಖ ತಿರುಗಿಸಿಕೊಂಡೆ, ನೋಡಲಾಗಲಿಲ್ಲ.

ಶಿವಗಾಮಿ ಪಿನ್ನು ಹಿಡಿದು ಅವನ ಬೆನ್ನಿನಲ್ಲಿ ಮುರಿದ ಮುಳ್ಳು ತೆಗೆಯುತ್ತಿದ್ದಳು. ಅವನು ಪೋತ್ತನೂರಿಗೆ ಫೋನ್ ಹಚ್ಚಿದ. ಜಯರಾಮನ್ ಎತ್ತಿದರು. ಅಕ್ಕನಿಗೆ ಕೊಡಿ, ಒಂದು ಮಾತು ಎಂದ ಇವನು.

"ಈಗ ಕೊಡೋಕಾಗಲ್ಲ ಮಾಪ್ಳೆ," ಎಂದರು ಅವರು. "ಬೆಳಿಗ್ಗೆ ತನ್ನದು ಮುಗಿಸಿದಳು. ಈಗ ನಿನ್ನದಕ್ಕೆ ಮಲಗಿದಾಳೆ."